ಶುರುವಾಯಿತು ಸರಿ, ನಿಲ್ಲಿಸುವುದು ಹೇಗೆ?

ಗಣಕ ಪ್ರಯೋಗಾಲಯದ ಯಾವುದಾದರೊಂದು ಕೈಪಿಡಿಯಲ್ಲಿ ಜಾಲ ತಂತ್ರಾಂಶದ ಪ್ರಯೋಗಗಳಿರುವ ಪುಟಗಳನ್ನು ತೆರೆದು ನೋಡಿ. ಮೊದಲ ಹೆಜ್ಜೆ ಸಾಮಾನ್ಯವಾಗಿ ಒಂದೇ: ಸರ್ವರನ್ನು ಚಾಲೂ ಮಾಡಿ. ಆಮೇಲೆ ಕಡತವನ್ನು ಯಾವ ಫೋಲ್ಡರಿನಲ್ಲಿ ಇಡಬೇಕು, ಬ್ರೌಸರಿನಲ್ಲಿ ಯಾವ ವಿಳಾಸ ಕೊಡಬೇಕು, ಪರದೆಯ ಮೇಲೆ ಏನು ಕಾಣಬೇಕು ಎಂಬುದೆಲ್ಲ ಕ್ರಮವಾಗಿ ಬರುತ್ತದೆ. ಕೊನೆಯ ಹೆಜ್ಜೆ ಫಲಿತಾಂಶವನ್ನು ಬರೆದುಕೊಳ್ಳುವುದು. ಸರ್ವರನ್ನು ನಿಲ್ಲಿಸುವ ಹೆಜ್ಜೆ ಎಲ್ಲಿ? ನಾನು ನೋಡಿದ ಕೈಪಿಡಿಗಳಲ್ಲಿ ಅದು ಇರಲಿಲ್ಲ. ರಸಾಯನ ವಿಜ್ಞಾನದ ಪ್ರಯೋಗಾಲಯದಲ್ಲಿ ಬರ್ನರನ್ನು ಹೊತ್ತಿಸುವುದನ್ನು ಕಲಿಸಿ, ಆರಿಸುವುದನ್ನು ಹೇಳದೆ ಬಿಟ್ಟರೆ ನಾವು ಒಪ್ಪುತ್ತೇವೆಯೆ?

ಈ ಲೇಖನ ಆ ಕೊರತೆಯ ವಿಮರ್ಶೆ. ಕೊರತೆ ಕೈಪಿಡಿಗಳಲ್ಲಿ ಮಾತ್ರ ಇಲ್ಲ, ಹೆಸರಾಂತ ಸರ್ವರ್ ತಂತ್ರಾಂಶಗಳಲ್ಲೂ ಇದೆ. ಮೊದಲಿಗೆ ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಗೋಡೆಯ ಮೇಲಿನ ಚೀಟಿ

ಮೈಸೂರಿನ ಹಿನಕಲ್ ಕಡೆಯ ಒಂದು ಶಾಲೆಗೆ ಅಂಕಪಟ್ಟಿ ತಯಾರಿಸುವ ಸಣ್ಣ ವ್ಯವಸ್ಥೆಯೊಂದನ್ನು ನಾನು ಕೂಡಿಸಿಕೊಟ್ಟಿದ್ದೆ. ಒಂದು ಹಳೆಯ ಗಣಕವೇ ಸರ್ವರ್. ಅಂದರೆ, ಬೇರೆ ಗಣಕಗಳಿಂದ ಬರುವ ಕೋರಿಕೆಗಳಿಗಾಗಿ ಸದಾ ಕಾದಿದ್ದು ಉತ್ತರ ಕೊಡುವ ತಂತ್ರಾಂಶ ಅದರಲ್ಲಿತ್ತು. ಶಿಕ್ಷಕರು ತಮ್ಮ ಕೊಠಡಿಯಿಂದಲೇ ಕಿರುಪರೀಕ್ಷೆಯ ಅಂಕಗಳನ್ನು ತುಂಬುತ್ತಿದ್ದರು. ಗಣಕದ ಮೇಲಿನ ಗೋಡೆಗೆ ನಾನೊಂದು ಚೀಟಿ ಅಂಟಿಸಿದ್ದೆ. ಚಾಲೂ ಮಾಡುವ ಐದು ಹೆಜ್ಜೆಗಳು ಅದರಲ್ಲಿ ಅಂದವಾಗಿ ಬರೆದಿದ್ದವು.

ಒಂದು ಶನಿವಾರ ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಕಚೇರಿಯ ಸಹಾಯಕರು ಎಂದಿನಂತೆ ಸ್ವಿಚ್ ಆರಿಸಿ, ಬೀಗ ಹಾಕಿ ಮನೆಗೆ ಹೋದರು. ಆ ಹೊತ್ತಿಗೆ ಒಬ್ಬ ಶಿಕ್ಷಕಿ ಒಂಬತ್ತನೆಯ ತರಗತಿಯ ಅಂಕಗಳನ್ನು ತುಂಬಿ 'ಉಳಿಸು' ಎಂಬುದನ್ನು ಒತ್ತಿದ್ದರು. ಉತ್ತರ ಬಂದಿರಲಿಲ್ಲ. ಸೋಮವಾರ ಸರ್ವರ್ ಏಳಲಿಲ್ಲ. 'ನಾನು ಈಗಾಗಲೇ ಓಡುತ್ತಿದ್ದೇನೆ' ಎಂಬ ಅರ್ಥದ ಸಂದೇಶ ಕೊಟ್ಟು ನಿಂತುಬಿಟ್ಟಿತು. ಓಡುತ್ತಿರುವಾಗ ಸರ್ವರ್ ತನ್ನ ಗುರುತಿನ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಟ್ಟು, ನಿಲ್ಲುವಾಗ ತಾನೇ ಅಳಿಸುತ್ತದೆ. ಅಳಿಸಲು ಅದಕ್ಕೆ ಸಮಯವೇ ಸಿಕ್ಕಿರಲಿಲ್ಲ. ಆ ಕಡತ ತೆಗೆದ ಮೇಲೆ ಕೋಷ್ಟಕಗಳನ್ನು ದುರಸ್ತಿ ಮಾಡಬೇಕಾಯಿತು. ದುರಸ್ತಿಯ ನಂತರ ಕೆಲವು ಮಕ್ಕಳ ಅಂಕ ಇತ್ತು, ಕೆಲವರದು ಇರಲಿಲ್ಲ. ಇದ್ದದ್ದು ಹೊಸದೋ ಹಳೆಯದೋ ಎಂದು ಹೇಳುವಂತಿರಲಿಲ್ಲ. ಆ ಶಿಕ್ಷಕಿ ಉತ್ತರಪತ್ರಿಕೆಗಳ ಕಟ್ಟನ್ನು ಮತ್ತೆ ಬಿಚ್ಚಿ ಇಡೀ ತರಗತಿಯ ಅಂಕಗಳನ್ನು ಇನ್ನೊಮ್ಮೆ ತುಂಬಿದರು.

ತಪ್ಪು ಸಹಾಯಕರದ್ದಲ್ಲ. ಬೇರೆ ದಾರಿ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಚೀಟಿ ಬರೆದವನು ನಾನು. ಅದರಲ್ಲಿ ನಿಲ್ಲಿಸುವ ಹೆಜ್ಜೆ ಒಂದೂ ಇರಲಿಲ್ಲ.

ಗಿರಣಿ ಹೇಳುವ ಕ್ರಮ

ಹಿಟ್ಟಿನ ಗಿರಣಿಯ ಮುಂದೆ ರಾಗಿಯ ಚೀಲ ಹಿಡಿದು ನಿಂತವರೆಲ್ಲ ಈ ಕ್ರಮವನ್ನು ನೋಡಿರುತ್ತೀರಿ. ಗಿರಣಿಯವರು ಮೊದಲು ಮೋಟಾರು ಹಾಕುತ್ತಾರೆ. ಬೀಸುವ ಕಲ್ಲು ಪೂರ್ಣ ವೇಗಕ್ಕೆ ಬರುವವರೆಗೆ ಕಾಯುತ್ತಾರೆ. ಆಮೇಲೆ ಕಾಳು ಇಳಿಯುವ ಕಿಂಡಿಯನ್ನು ತೆರೆಯುತ್ತಾರೆ. ನಿಲ್ಲಿಸುವಾಗ ಇದೇ ಕ್ರಮ ತಿರುವುಮುರುವು. ಮೊದಲು ಕಿಂಡಿ ಮುಚ್ಚುತ್ತಾರೆ. ಕಲ್ಲಿನ ನಡುವೆ ಉಳಿದ ಕಾಳು ಹಿಟ್ಟಾಗಿ ಬೀಳುವವರೆಗೆ ಬಿಡುತ್ತಾರೆ. ಸ್ವಿಚ್ಚಿನ ಸರದಿ ಕೊನೆಗೆ. ಕಾಳು ಸಿಕ್ಕಿಕೊಂಡಿರುವಾಗಲೇ ಗಿರಣಿ ನಿಂತರೆ ಮುಂದಿನ ಸಲ ಮೋಟಾರು ಆ ಭಾರವನ್ನು ಎಳೆಯಲಾರದೆ ಮುಲುಗುತ್ತದೆ. ಕಲ್ಲನ್ನು ಬಿಚ್ಚಿ ಸ್ವಚ್ಛ ಮಾಡಬೇಕಾಗಲೂಬಹುದು.

ಸರ್ವರ್ ತಂತ್ರಾಂಶಕ್ಕೂ ಇದೇ ನಿಯಮ. ಏಳುವಾಗ ಮೊದಲು ಡೇಟಾಬೇಸ್, ನಂತರ ಅದನ್ನು ನಂಬಿದ ತಂತ್ರಾಂಶ, ಎಲ್ಲಕ್ಕೂ ಕೊನೆಗೆ ಹೊರಗಿನ ಕೋರಿಕೆಗಳಿಗೆ ಬಾಗಿಲು. ಮಲಗುವಾಗ ಮೊದಲು ಹೊಸ ಕೋರಿಕೆಗಳಿಗೆ ಬಾಗಿಲು ಮುಚ್ಚಬೇಕು, ಕೈಯಲ್ಲಿರುವ ಕೋರಿಕೆಗಳನ್ನು ಮುಗಿಸಬೇಕು, ಸ್ಮೃತಿಯಲ್ಲಿರುವುದನ್ನು ಡಿಸ್ಕಿಗೆ ಬರೆಯಬೇಕು, ಡೇಟಾಬೇಸನ್ನು ಕೊನೆಯಲ್ಲಿ ನಿಲ್ಲಿಸಬೇಕು. ಹೇಳಲು ಸುಲಭ. ನಾವು ಬಳಸುವ ತಂತ್ರಾಂಶಗಳು ಇದನ್ನು ಎಷ್ಟರಮಟ್ಟಿಗೆ ಪಾಲಿಸುತ್ತವೆ?

'ಶುರುವಾಯಿತು' ಎಂದರೆ ಏನು?

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಟಾಮ್‌ಕ್ಯಾಟ್ ಅನ್ನು ತೆಗೆದುಕೊಳ್ಳಿ. ಸನ್ ಕಂಪನಿಯಲ್ಲಿ ಹುಟ್ಟಿ, 1999ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ದಾನವಾಗಿ ಬಂದ, ಜಾವಾ ತಂತ್ರಾಂಶಗಳನ್ನು ನಡೆಸುವ ಸರ್ವರ್ ಅದು. ಲಿನಕ್ಸ್‌ನಲ್ಲಿ ಅದರ ಸ್ಟಾರ್ಟ್‌ಅಪ್ ಆದೇಶವನ್ನು ಕೊಟ್ಟರೆ ಕ್ಷಣಮಾತ್ರದಲ್ಲಿ 'ಟಾಮ್‌ಕ್ಯಾಟ್ ಸ್ಟಾರ್ಟೆಡ್' ಎಂಬ ಸಾಲು ಪರದೆಯ ಮೇಲೆ ಮೂಡುತ್ತದೆ. ಈ ಮಾತು ಪೂರ್ತಿ ನಿಜವಲ್ಲ. ಆ ಕ್ಷಣಕ್ಕೆ ಆಗಿರುವುದು ಜಾವಾ ಪ್ರಕ್ರಿಯೆಯೊಂದು ಹುಟ್ಟಿರುವುದಷ್ಟೆ. ಅದು ಸಂರಚನೆಯ ಕಡತ ಓದಬೇಕು, ಪೋರ್ಟ್ ಹಿಡಿಯಬೇಕು, ನಿಮ್ಮ ತಂತ್ರಾಂಶವನ್ನು ಬಿಚ್ಚಿ ಸ್ಮೃತಿಗೆ ತುಂಬಬೇಕು. ಇವುಗಳಲ್ಲಿ ಯಾವುದು ಬೇಕಾದರೂ ವಿಫಲವಾಗಬಹುದು. ಪರದೆಯ ಮೇಲಿನ ಸಾಲು ಮಾತ್ರ ಅಲ್ಲೇ ಇರುತ್ತದೆ. ನಿಜವಾಗಿ ಸಿದ್ಧವಾದ ಸುದ್ದಿ, ಎಷ್ಟು ಮಿಲಿಸೆಕೆಂಡು ಹಿಡಿಯಿತೆಂಬ ಲೆಕ್ಕದೊಡನೆ, ದಿನಚರಿ ಕಡತದಲ್ಲಿ ಆಮೇಲೆ ಬರುತ್ತದೆ. ಹೊಸ ವಿದ್ಯಾರ್ಥಿ ಆ ಕಡತವನ್ನು ತೆರೆಯುವುದೇ ಇಲ್ಲ.

ಈ ಅರೆಸತ್ಯದ ಫಲ ಏನೆಂಬುದನ್ನು ನೀವೇ ನೋಡಿರಬಹುದು. ಒಂದು ಸರ್ವರ್ ಎದ್ದ ಮೇಲೆ ಇನ್ನೊಂದನ್ನು ಎಬ್ಬಿಸುವ ಆದೇಶಗಳ ನಡುವೆ '30 ಸೆಕೆಂಡು ನಿದ್ರಿಸು' ಎಂಬ ಸಾಲು ಇರುತ್ತದೆ. ಮೂವತ್ತೇ ಏಕೆ? ಬರೆದವರ ಗಣಕದಲ್ಲಿ ಅಷ್ಟು ಸಾಕಾಗಿತ್ತು. ಡೇಟಾಬೇಸ್ ಬೆಳೆದ ದಿನ ಸಾಕಾಗುವುದಿಲ್ಲ. ಸಿದ್ಧವಾಗಿದೆಯೇ ಎಂದು ಕೇಳುವ ಬದಲು ಊಹಿಸುವುದು ವಿಜ್ಞಾನದ ಕ್ರಮವಲ್ಲ.

2010ರಲ್ಲಿ ಬಂದ, ಈಗ ಬಹುತೇಕ ಲಿನಕ್ಸ್‌ಗಳಲ್ಲಿರುವ ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕ ಇದಕ್ಕೊಂದು ಒಳ್ಳೆಯ ಉಪಾಯ ಕೊಟ್ಟಿದೆ. ಸರ್ವರ್ ತಾನು ಸಿದ್ಧವಾದಾಗ 'ರೆಡಿ' ಎಂಬ ಸಂದೇಶವನ್ನು ತಾನೇ ಕಳಿಸಬಹುದು. ಅದು ಬರುವವರೆಗೆ ಅದರ ನಂತರ ಏಳಬೇಕಾದ ಇತರ ಸರ್ವರುಗಳನ್ನು ಸಿಸ್ಟಮ್‌ಡಿ ತಡೆದಿಡುತ್ತದೆ. ನಿಲ್ಲಿಸುವಾಗ ಇದೇ ಕ್ರಮವನ್ನು ತಾನಾಗಿ ತಿರುವಿ ಅನುಸರಿಸುತ್ತದೆ. ಗಿರಣಿಯ ನಿಯಮವೇ! ಆದರೆ ಈ ಸೌಲಭ್ಯವನ್ನು ಬೇಕೆಂದು ಕೇಳಿ ಪಡೆಯಬೇಕು. ಏನನ್ನೂ ಹೇಳದಿದ್ದರೆ ಪ್ರಕ್ರಿಯೆ ಹುಟ್ಟಿದ್ದನ್ನೇ ಶುರುವಾದದ್ದೆಂದು ಸಿಸ್ಟಮ್‌ಡಿಯೂ ಲೆಕ್ಕ ಹಿಡಿಯುತ್ತದೆ.

ಏಳಿಸುವುದು ಸಣ್ಣ ಮಾತಲ್ಲ ಎಂಬುದಕ್ಕೆ ದೊಡ್ಡವರ ಮನೆಯ ಉದಾಹರಣೆಯೂ ಇದೆ. 2017ರ ಫೆಬ್ರವರಿ 28ರಂದು ಅಮೆಜಾನ್ ಕಂಪನಿಯ ಎಸ್3 ಎಂಬ ದತ್ತಾಂಶ ಸಂಗ್ರಹ ಸೇವೆ, ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಕೆಲವು ಗಂಟೆ ನಿಂತುಹೋಯಿತು. ಒಬ್ಬ ಸಿಬ್ಬಂದಿ ಕೆಲವೇ ಸರ್ವರುಗಳನ್ನು ತೆಗೆಯಲು ಹೋಗಿ, ಆದೇಶದಲ್ಲಿ ತಪ್ಪಿ, ಬಹಳಷ್ಟನ್ನು ತೆಗೆದುಬಿಟ್ಟಿದ್ದರು. ಆದರೆ ಕಂಪನಿ ಪ್ರಕಟಿಸಿದ ವಿವರಣೆಯಲ್ಲಿ ನಮಗೆ ಮುಖ್ಯವಾದ ಮಾತು ಬೇರೆ. ಆ ಉಪವ್ಯವಸ್ಥೆಗಳನ್ನು ದೊಡ್ಡ ವಲಯಗಳಲ್ಲಿ ಹಲವು ವರ್ಷಗಳಿಂದ ಪೂರ್ತಿಯಾಗಿ ನಿಲ್ಲಿಸಿ ಎಬ್ಬಿಸಿರಲೇ ಇಲ್ಲ. ಆ ಅವಧಿಯಲ್ಲಿ ಅವು ಅಪಾರವಾಗಿ ಬೆಳೆದಿದ್ದವು. ಎಬ್ಬಿಸಲು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎಂದೂ ನಿಲ್ಲದ ಸರ್ವರ್ ಎಂಬುದು ಹೆಮ್ಮೆಯ ಮಾತಿರಬಹುದು. ಅದರ ಇನ್ನೊಂದು ಅರ್ಥ, ಅದನ್ನು ಎಬ್ಬಿಸುವುದು ಹೇಗೆಂದು ಯಾರೂ ಪರೀಕ್ಷಿಸಿಲ್ಲ ಎಂದು.

ನಿಲ್ಲಿಸುವ ವಿನಯ, ನಿಲ್ಲಿಸುವ ಬಲ

ಯುನಿಕ್ಸ್ ಮತ್ತು ಲಿನಕ್ಸ್‌ನಲ್ಲಿ ಪ್ರಕ್ರಿಯೆಯನ್ನು ನಿಲ್ಲಿಸಲು 'ಕಿಲ್' ಆದೇಶ ಉಂಟು. ಬರೀ ಕಿಲ್ ಎಂದರೆ ಹೋಗುವುದು 15ನೆಯ ಸಂಕೇತ, ಸಿಗ್‌ಟರ್ಮ್. ಇದು ಕೋರಿಕೆ. ಪ್ರಕ್ರಿಯೆ ಇದನ್ನು ಕೇಳಿಸಿಕೊಂಡು, ಕೈಗೆಲಸ ಮುಗಿಸಿ ಹೊರಡಬಹುದು. 9ನೆಯ ಸಂಕೇತ ಸಿಗ್‌ಕಿಲ್. ಇದು ಪ್ರಕ್ರಿಯೆಯ ಕಿವಿಗೆ ಬೀಳುವುದೇ ಇಲ್ಲ. ಕಾರ್ಯಾಚರಣ ವ್ಯವಸ್ಥೆಯೇ ಅದನ್ನು ಮುಗಿಸಿಬಿಡುತ್ತದೆ. ನಮ್ಮ ವಿದ್ಯಾರ್ಥಿಗಳು 'ಕಿಲ್ ಮೈನಸ್ 9' ಎಂಬುದನ್ನೇ ಮೊದಲು ಕಲಿಯುತ್ತಾರೆ, ಯಾಕೆಂದರೆ ಅದು ಎಂದೂ ಕೈಕೊಡುವುದಿಲ್ಲ. ಕರೆಂಟು ತೆಗೆಯುವುದೂ ಎಂದೂ ಕೈಕೊಡುವುದಿಲ್ಲ!

ಟಾಮ್‌ಕ್ಯಾಟ್ ನಿಲ್ಲುವ ಬಗೆಯನ್ನು ನೋಡೋಣ. ಅದು 8005ನೆಯ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಅದೇ ಗಣಕದಿಂದ ಯಾರಾದರೂ ಆ ಪೋರ್ಟಿಗೆ 'ಷಟ್‌ಡೌನ್' ಎಂಬ ಪದ ಕಳಿಸಿದರೆ ನಿಲ್ಲುತ್ತದೆ. ಪದ ಎಲ್ಲರಿಗೂ ಗೊತ್ತಿರುವುದೇ. ಒಂದೇ ಸರ್ವರ್‌ಗೆ ಅರವತ್ತು ವಿದ್ಯಾರ್ಥಿಗಳು ಲಾಗಿನ್ ಆಗುವ ಪ್ರಯೋಗಾಲಯದಲ್ಲಿ ಯಾರು ಬೇಕಾದರೂ ಎಲ್ಲರ ಪ್ರಯೋಗವನ್ನು ನಿಲ್ಲಿಸಬಹುದು. ಪದವನ್ನು ಬದಲಿಸಿ, ಇಲ್ಲವೆ ಪೋರ್ಟ್ ಸಂಖ್ಯೆಯನ್ನು ಮೈನಸ್ 1 ಮಾಡಿ ಅದನ್ನು ಮುಚ್ಚಿ ಎಂಬ ಸಲಹೆ ಟಾಮ್‌ಕ್ಯಾಟ್‌ನ ಭದ್ರತಾ ಸೂಚನೆಗಳಲ್ಲೇ ಇದೆ. ನಿಲ್ಲುವಾಗ ಮೊದಲು ಬಾಗಿಲನ್ನು ತಡೆಯುವ ಕ್ರಮ ಅದಕ್ಕೆ ಗೊತ್ತು, ಇದು ಮೆಚ್ಚತಕ್ಕದ್ದು. ಆದರೆ ಒಳಗಿನ ಕೆಲಸ ಮುಗಿಯಲೆಂದು ಅದು ಕಾಯುವ ಅವಧಿ ಮೂಲ ಸಂರಚನೆಯಲ್ಲಿ 2 ಸೆಕೆಂಡು ಮಾತ್ರ. ವರ್ಷದ ಫಲಿತಾಂಶದ ಪಟ್ಟಿ ತಯಾರಿಸುವ ಕೋರಿಕೆಗೆ ಇದು ಸಾಲದು.

ಅಪಾಚೆ ಜಾಲ ಸರ್ವರ್‌ನದು ಬೇರೆಯೇ ದೋಷ. ಅಲ್ಲಿ ಎರಡು ಆದೇಶಗಳಿವೆ. ಬರೀ 'ಸ್ಟಾಪ್' ಎಂದರೆ ನಡೆಯುತ್ತಿರುವ ಕೋರಿಕೆಗಳು ಅರ್ಧಕ್ಕೆ ಕತ್ತರಿಸಿಹೋಗುತ್ತವೆ. 'ಗ್ರೇಸ್‌ಫುಲ್ ಸ್ಟಾಪ್' ಎಂದರೆ ಅವು ಮುಗಿದ ಮೇಲೆ ಸರ್ವರ್ ನಿಲ್ಲುತ್ತದೆ. ಎರಡನೆಯದು ಸೊಗಸಾದ ವ್ಯವಸ್ಥೆ. ಆದರೆ ಚಿಕ್ಕ, ಸುಲಭ ಹೆಸರನ್ನು ಒರಟು ಕೆಲಸಕ್ಕೆ ಕೊಟ್ಟು, ಸರಿಯಾದ ಕೆಲಸಕ್ಕೆ ಉದ್ದದ ಹೆಸರನ್ನು ಕೊಟ್ಟರೆ ಆತುರದಲ್ಲಿರುವವರು ಯಾವುದನ್ನು ಟೈಪ್ ಮಾಡುತ್ತಾರೆ? ಬಳಕೆದಾರ ಏನೂ ಯೋಚಿಸದೆ ಮಾಡುವ ಕೆಲಸವೇ ಸರಿಯಾದ ಕೆಲಸವಾಗಿರಬೇಕು. ಇದು ಯಾವ ಉಪಕರಣದ ವಿನ್ಯಾಸಕ್ಕೂ ಅನ್ವಯಿಸುವ ಮಾತು.

ಈ ವಿಷಯದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದರಲ್ಲೂ ಅದು ತನ್ನನ್ನು ತಿದ್ದಿಕೊಂಡ ರೀತಿ. ಅದಕ್ಕೆ ನಿಲ್ಲುವ ಮೂರು ಬಗೆಗಳಿವೆ. 'ಸ್ಮಾರ್ಟ್' ಎಂದರೆ ಹೊಸಬರನ್ನು ಬಿಡದೆ, ಒಳಗಿರುವವರು ತಾವಾಗಿ ಹೊರಡುವವರೆಗೆ ಕಾಯುವುದು. 'ಫಾಸ್ಟ್' ಎಂದರೆ ಮುಗಿಯದ ವಹಿವಾಟುಗಳನ್ನು ರದ್ದುಪಡಿಸಿ, ಎಲ್ಲರನ್ನೂ ಕಳಿಸಿ, ದತ್ತಾಂಶವನ್ನು ಓರಣ ಮಾಡಿ ನಿಲ್ಲುವುದು. 'ಇಮ್ಮೀಡಿಯೆಟ್' ಎಂದರೆ ಇದ್ದಲ್ಲೇ ನಿಂತು, ಮುಂದಿನ ಸಲ ಏಳುವಾಗ ದಿನಚರಿ ಓದಿ ಚೇತರಿಸಿಕೊಳ್ಳುವುದು. ಮೊದಲು ಮೂಲ ಆಯ್ಕೆ ಸ್ಮಾರ್ಟ್ ಆಗಿತ್ತು. ಯಾರೋ ಒಬ್ಬರು ತಮ್ಮ ಸಂಪರ್ಕವನ್ನು ಮುಚ್ಚದೆ ಊಟಕ್ಕೆ ಹೋಗಿದ್ದರೂ ಸರ್ವರ್ ಕಾಯುತ್ತಲೇ ಇರುತ್ತದೆ. ಕಾದು ಬೇಸತ್ತವರು ಕೊನೆಗೆ 9ನೆಯ ಸಂಕೇತ ಕಳಿಸುತ್ತಾರೆ. ಅತಿ ವಿನಯ ಕೊನೆಗೆ ಒರಟುತನಕ್ಕೇ ದಾರಿ. 2016ರ ಜನವರಿಯಲ್ಲಿ ಬಂದ 9.5ನೆಯ ಆವೃತ್ತಿಯಿಂದ ಅವರು ಮೂಲ ಆಯ್ಕೆಯನ್ನು ಫಾಸ್ಟ್ ಎಂದು ಬದಲಿಸಿದರು.

ಮೂರನ್ನೂ ಹೋಲಿಸಿದಾಗ ಒಂದು ಸೂತ್ರ ಸಿಗುತ್ತದೆ. ನಿಲ್ಲಿಸುವುದಕ್ಕೆ ಮೊದಲು ವಿನಯ ಬೇಕು, ವಿನಯಕ್ಕೊಂದು ಗಡುವು ಬೇಕು, ಗಡುವು ಮೀರಿದ ಮೇಲಷ್ಟೆ ಬಲ. ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು ಬಲ ಪ್ರಯೋಗಿಸುತ್ತದೆ. ಡಾಕರ್ ಕಾಯುವುದು 10 ಸೆಕೆಂಡು. ಕುಬರ್ನೆಟೀಸ್ 30 ಸೆಕೆಂಡು. ಒಂದೇ ತಂತ್ರಾಂಶವನ್ನು ಒಂದರಿಂದ ಇನ್ನೊಂದಕ್ಕೆ ಒಯ್ದಾಗ ಗಡುವು ಬದಲಾಗುತ್ತದೆ ಎಂಬುದನ್ನು ನೆನಪಿಡಿ. ಇವು ಬೇರೆಯವರು ಆರಿಸಿದ ಸಂಖ್ಯೆಗಳು. ನಿಮ್ಮ ಸರ್ವರ್‌ನ ಅತಿ ದೀರ್ಘ ಕೋರಿಕೆಗೆ ಎಷ್ಟು ಹೊತ್ತು ಬೇಕೆಂದು ಅಳೆದು ಗಡುವನ್ನು ನೀವೇ ಇಡಬೇಕು.

ಒಂದು ಆಕ್ಷೇಪ

'ಕರೆಂಟು ಯಾವಾಗ ಬೇಕಾದರೂ ಹೋಗಬಹುದು. ಹಾಗಿರುವಾಗ ಈ ಮರ್ಯಾದೆಯ ವಿದಾಯವೆಲ್ಲ ಏಕೆ? ಹಠಾತ್ತನೆ ಬಿದ್ದರೂ ಏಳಬಲ್ಲ ತಂತ್ರಾಂಶ ಬರೆದರೆ ಸಾಲದೆ?' ಎಂದು ನೀವು ಕೇಳಬಹುದು. ಇದು ಗಂಭೀರವಾದ ಪ್ರಶ್ನೆ. ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ 2003ರಲ್ಲಿ ಒಂದು ಪ್ರಬಂಧದಲ್ಲಿ ಇದನ್ನೇ ವಾದಿಸಿದರು. ತಂತ್ರಾಂಶಕ್ಕೆ ನಿಲ್ಲಲು ಒಂದೇ ದಾರಿ ಇರಲಿ, ಕುಸಿಯುವುದು. ಏಳಲು ಒಂದೇ ದಾರಿ ಇರಲಿ, ಚೇತರಿಸಿಕೊಳ್ಳುವುದು. ಆಗ ಚೇತರಿಕೆಯ ದಾರಿ ಪ್ರತಿ ಸಲವೂ ಪರೀಕ್ಷೆಗೆ ಒಳಪಡುತ್ತದೆ, ತುಕ್ಕು ಹಿಡಿಯುವುದಿಲ್ಲ ಎಂಬುದು ಅವರ ತರ್ಕ.

ಈ ತರ್ಕದ ಅರ್ಧವನ್ನು ಪೂರ್ತಿ ಒಪ್ಪಬೇಕು. ನಮ್ಮ ಶಾಲೆಯ ಸರ್ವರ್ ಹಠಾತ್ತನೆ ಬಿದ್ದರೂ ಅಂಕಗಳನ್ನು ಕೆಡಿಸಬಾರದಿತ್ತು. ಅದು ನಾನು ಆರಿಸಿದ ಡೇಟಾಬೇಸ್ ವಿನ್ಯಾಸದ ದೋಷ. ಆದರೆ ಉಳಿದರ್ಧವನ್ನು ನಾನು ಒಪ್ಪಲಾರೆ. ಕೋರಿಕೆ ಕಳಿಸಿ ಕಾಯುತ್ತಿರುವ ಮನುಷ್ಯರು ಆ ಚಿತ್ರದಲ್ಲಿ ಕಾಣುವುದಿಲ್ಲ. ಅಂತರಜಾಲದಲ್ಲಿ ವಿದ್ಯುತ್ ಬಿಲ್ಲು ಕಟ್ಟುವಾಗ ಖಾತೆಯಿಂದ ಹಣ ಹೋಗಿ ರಸೀದಿ ಬರದಿದ್ದರೆ ನಿಮಗೇನಾಗುತ್ತದೆ? ಮತ್ತೆ ಕಟ್ಟಬೇಕೋ ಬೇಡವೋ ತಿಳಿಯುವುದಿಲ್ಲ. ಡೇಟಾಬೇಸ್ ತನ್ನೊಳಗೆ ಚೇತರಿಸಿಕೊಂಡಿರುತ್ತದೆ, ನೀವು ಚೇತರಿಸಿಕೊಂಡಿರುವುದಿಲ್ಲ. ತರ್ಕದ ಎರಡೂ ಭಾಗಗಳು ಬೇಕು. ಕುಸಿದರೂ ಕೆಡದಂತೆ ಕಟ್ಟಬೇಕು, ಸಮಯ ಸಿಕ್ಕಾಗ ಕ್ರಮವಾಗಿ ನಿಲ್ಲಿಸಬೇಕು.

ಚಂದ್ರನ ಮೇಲೊಂದು ಉತ್ತಮ ಉದಾಹರಣೆ

ಕ್ರಮವಾಗಿ ನಿಲ್ಲಿಸುವುದಕ್ಕೆ ನಮ್ಮ ನಾಡಿನಿಂದಲೇ ನಡೆದ ಒಂದು ಉದಾಹರಣೆಯನ್ನು ತರಗತಿಯಲ್ಲಿ ಹೇಳಬಹುದು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲಿಳಿಯಿತು. ನಿಯಂತ್ರಣ ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಿಂದ. ಎರಡು ವಾರದೊಳಗೆ ಅಲ್ಲಿ ರಾತ್ರಿಯಾಗುವುದಿತ್ತು. ಸೆಪ್ಟೆಂಬರ್ 2ರಂದು ಪ್ರಜ್ಞಾನ್ ರೋವರನ್ನು ಮಲಗಿಸಿದರು. ಉಪಕರಣಗಳನ್ನು ಆರಿಸಿ, ಅವುಗಳ ದತ್ತಾಂಶವನ್ನು ಲ್ಯಾಂಡರ್ ಮೂಲಕ ಭೂಮಿಗೆ ತರಿಸಿಕೊಂಡರು. ಬ್ಯಾಟರಿ ಪೂರ್ತಿ ತುಂಬಿತ್ತು. ಸೆಪ್ಟೆಂಬರ್ 22ರ ಸೂರ್ಯೋದಯದ ಬೆಳಕು ಬೀಳುವಂತೆ ಸೌರ ಫಲಕವನ್ನು ತಿರುಗಿಸಿಟ್ಟಿದ್ದರು. ಮತ್ತೆ ಕರೆದರೆ ಕೇಳಿಸುವಂತೆ ರಿಸೀವರನ್ನು ಮಾತ್ರ ಚಾಲೂ ಬಿಟ್ಟರು. ಸೆಪ್ಟೆಂಬರ್ 4ರಂದು ವಿಕ್ರಮ್ ಲ್ಯಾಂಡರನ್ನೂ ಹೀಗೆಯೇ ಮಲಗಿಸಿದರು. ಮೊದಲು ಕೊನೆಯ ಅಳತೆಗಳು, ಅವುಗಳ ದತ್ತಾಂಶ ಭೂಮಿಗೆ, ಆಮೇಲೆ ಉಪಕರಣಗಳಿಗೆ ವಿರಾಮ. ರೋವರ್‌ನ ಮಾತು ಲ್ಯಾಂಡರ್ ಮೂಲಕವೇ ಬರುತ್ತಿದ್ದುದರಿಂದ ಮೊದಲು ಮಲಗಿದ್ದು ರೋವರ್. ಈ ಕ್ರಮವನ್ನು ವಿದ್ಯಾರ್ಥಿಗಳಿಗೆ ತೋರಿಸಿ.

ಸೂರ್ಯೋದಯದ ನಂತರ ಕರೆದಾಗ ಎರಡೂ ಉತ್ತರಿಸಲಿಲ್ಲ. ಹಾಗಾದರೆ ಅಷ್ಟೆಲ್ಲ ಶಿಸ್ತು ವ್ಯರ್ಥವಾಯಿತೆ? ಇಲ್ಲ. ಅಳೆದದ್ದು ಆಗಲೇ ಭೂಮಿಗೆ ತಲುಪಿತ್ತು. ಮತ್ತೆ ಏಳುತ್ತದೆ ಎಂಬ ಭರವಸೆ ನಿಲ್ಲಿಸುವ ಕ್ರಮದಿಂದ ಸಿಗುವುದಿಲ್ಲ. ಏಳದಿದ್ದರೂ ಏನೂ ಕಳೆದುಹೋಗಬಾರದು, ಅಷ್ಟೆ.

ತರಗತಿಯಲ್ಲಿ ಮಾಡಬಹುದಾದ ಪ್ರಯೋಗ

ಶಿಕ್ಷಕರಿಗೊಂದು ಸಲಹೆ. ವಿದ್ಯಾರ್ಥಿಗಳಿಂದ ಪೈಥಾನ್‌ನಲ್ಲಿ ಒಂದು ಪುಟ್ಟ ಸರ್ವರ್ ಬರೆಸಿ. ಪ್ರತಿ ಕೋರಿಕೆ ಬಂದಾಗ ಕಡತದಲ್ಲಿ 'ಬಂತು' ಎಂದು ಬರೆದು, 20 ಸೆಕೆಂಡು ಕಾದು, 'ಮುಗಿಯಿತು' ಎಂದು ಬರೆಯಲಿ. ಕೋರಿಕೆ ನಡೆಯುತ್ತಿರುವಾಗ ಅದನ್ನು ಮೂರು ಬಗೆಯಲ್ಲಿ ನಿಲ್ಲಿಸಿ: ಸಿಗ್‌ಕಿಲ್ ಕಳಿಸಿ, ಸಿಗ್‌ಟರ್ಮ್ ಕಳಿಸಿ, ಸಿಗ್‌ಟರ್ಮ್ ಬಂದರೆ ಕೈಗೆಲಸ ಮುಗಿಸಿ ಹೊರಡುವ ಸಾಲುಗಳನ್ನು ಸೇರಿಸಿದ ಮೇಲೆ ಮತ್ತೆ ಸಿಗ್‌ಟರ್ಮ್ ಕಳಿಸಿ. ಪ್ರತಿ ಸಲ 'ಬಂತು' ಎಷ್ಟು, 'ಮುಗಿಯಿತು' ಎಷ್ಟು ಎಂದು ಎಣಿಸಲಿ. ಮೊದಲ ಎರಡರ ಫಲಿತಾಂಶ ಒಂದೇ ಆಗಿರುವುದು ಅವರಿಗೆ ಆಶ್ಚರ್ಯ ತರುತ್ತದೆ. ವಿನಯದಿಂದ ಹೇಳಿದರೆ ಸಾಲದು, ಕೇಳಿಸಿಕೊಳ್ಳುವ ಕಿವಿಯನ್ನು ನಾವೇ ಬರೆಯಬೇಕು ಎಂಬುದು ಅಲ್ಲಿ ಮನದಟ್ಟಾಗುತ್ತದೆ.

ಇನ್ನೊಂದು ಸಲಹೆ ಶಾಲೆಯ ಗಣಕ ನೋಡಿಕೊಳ್ಳುವವರಿಗೆ. ನಿಮ್ಮ ಯುಪಿಎಸ್‌ನ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿ ಇದೆಯೇ ನೋಡಿ. ಇದ್ದರೆ ಅದರ ಕೇಬಲ್ಲು ಬಹುಶಃ ಇನ್ನೂ ಪೆಟ್ಟಿಗೆಯಲ್ಲೇ ಬಿದ್ದಿರುತ್ತದೆ. ಅದನ್ನು ಸರ್ವರ್‌ಗೆ ಜೋಡಿಸಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿದರೆ, ಬ್ಯಾಟರಿ ಕಡಿಮೆಯಾದಾಗ ಗಣಕ ತಾನಾಗಿ ಕ್ರಮವಾಗಿ ನಿಲ್ಲುತ್ತದೆ. ಯುಪಿಎಸ್ ಇರುವುದು ಕೆಲಸ ಮುಂದುವರಿಸಲಿಕ್ಕಲ್ಲ, ಕೆಲಸವನ್ನು ಸರಿಯಾಗಿ ಮುಗಿಸಲಿಕ್ಕೆ.

ಹಿನಕಲ್‌ನ ಆ ಶಾಲೆಯಲ್ಲಿ ಈಗ ಗೋಡೆಯ ಮೇಲೆ ಎರಡು ಚೀಟಿಗಳಿವೆ. ಎರಡನೆಯದರಲ್ಲಿ ನಾಲ್ಕೇ ಸಾಲು: ಶಿಕ್ಷಕರಿಗೆ ತಿಳಿಸಿ, ಪರದೆಯ ಮೇಲಿನ 'ನಿಲ್ಲಿಸು' ಒತ್ತಿ, 'ನಿಂತಿದೆ' ಎಂದು ಬರುವವರೆಗೆ ಕಾಯಿರಿ, ಆಮೇಲೆ ಸ್ವಿಚ್ ಆರಿಸಿ. ಕಚೇರಿಯ ಸಹಾಯಕರು ಅದನ್ನು ತಪ್ಪದೆ ಪಾಲಿಸುತ್ತಾರೆ. ನಿಮ್ಮ ಪ್ರಯೋಗಾಲಯದ ಕೈಪಿಡಿಯ ಮುಂದಿನ ಮುದ್ರಣದಲ್ಲೂ ಈ ನಾಲ್ಕು ಸಾಲುಗಳಿಗೆ ಜಾಗ ಸಿಗಲಿ.